ಬೆಲ್ಟ್ ಮೇಲಿನ ತಟ್ಟೆಗೂ ದರ ಗೊತ್ತು, ನಮ್ಮ ಹೋಟೆಲ್ ಊಟಕ್ಕೇಕೆ ಗೊತ್ತಿಲ್ಲ?

ಈಗ ಫೋನ್ ತೆರೆದರೆ ಹತ್ತು ವಿಡಿಯೊಗಳಲ್ಲಿ ಮೂರಾದರೂ ಊಟದವು. ಅದರಲ್ಲೊಂದನ್ನು ನೀವೂ ನೋಡಿರುತ್ತೀರಿ. ಉದ್ದನೆಯ ಮೇಜು, ಮೇಜಿನ ಪಕ್ಕದಲ್ಲೇ ನಿಧಾನವಾಗಿ ಓಡುವ ಬೆಲ್ಟ್, ಬೆಲ್ಟ್ ಮೇಲೆ ಸಾಲಾಗಿ ಸಣ್ಣ ಸಣ್ಣ ತಟ್ಟೆಗಳು. ಪ್ರತಿ ತಟ್ಟೆಯಲ್ಲಿ ಅನ್ನದ ಎರಡು ತುಂಡು, ಅದರ ಮೇಲೆ ಮೀನಿನ ಹೋಳು. ಕೂತವರು ಬೇಕಾದ ತಟ್ಟೆ ಎತ್ತಿಕೊಂಡು ತಿನ್ನುತ್ತಾರೆ. ಇದು ಜಪಾನಿನ ಸುಶಿ. ಬೆಲ್ಟ್ ಮೇಲೆ ಸುತ್ತುವ ಈ ಬಗೆಯ ಹೋಟೆಲಿಗೆ ಅವರು ಕೈಟೆನ್ ಸುಶಿ ಅನ್ನುತ್ತಾರೆ, ಅಂದರೆ ತಿರುಗುವ ಸುಶಿ.

ನಮ್ಮ ಕಡೆಯವರು ಇಂಥ ವಿಡಿಯೊ ನೋಡಿದಾಗ ಬರುವ ಮಾತು ಒಂದೇ. "ಅಯ್ಯೋ, ಹಸಿ ಮೀನು ತಿಂತಾರಾ?" ಆ ಮಾತಿಗೆ ಆಮೇಲೆ ಬರೋಣ. ನಾವು ಹೇಳುವುದೇನೆಂದರೆ, ಒಂದು ಸಲ ಮೀನು ಬಿಟ್ಟು ತಟ್ಟೆಯನ್ನು ನೋಡಿ. ತಟ್ಟೆಯ ಅಂಚಿಗೆ ಬಣ್ಣವಿದೆ. ಆ ಬಣ್ಣವೇ ದರ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಿಂದ ಕೆಲಸಕ್ಕೆಂದು ಪೇಟೆಗೆ ಬಂದು, ಹೋಟೆಲ್ ಬಾಗಿಲಲ್ಲಿ ನಿಂತು, ಜೇಬು ಮುಟ್ಟಿ ನೋಡಿಕೊಂಡು ವಾಪಸ್ ಹೋಗುವ ನಮ್ಮ ಜನಕ್ಕೆ ಬೇಕಾಗಿರುವುದು ಆ ಬಣ್ಣ.

ಬೆಲ್ಟ್ ಹುಟ್ಟಿದ್ದು ಕಾರ್ಮಿಕರ ಹಸಿವಿಗೆ

ಸುಶಿ ಅಂದರೆ ದುಡ್ಡಿದ್ದವರ ಊಟ ಎಂದು ನಾವು ತಿಳಿದಿದ್ದೇವೆ. ಜಪಾನಿನಲ್ಲೂ ಒಳ್ಳೆಯ ಸುಶಿ ಅಂಗಡಿ ಎಂದರೆ ಹಾಗೇ ಇತ್ತು. ಎಷ್ಟೋ ಅಂಗಡಿಗಳಲ್ಲಿ ದರದ ಪಟ್ಟಿಯೇ ಇರುತ್ತಿರಲಿಲ್ಲ. ದರ ಬರೆಯುವ ಜಾಗದಲ್ಲಿ "ಇವತ್ತಿನ ರೇಟು" ಎಂಬ ಅರ್ಥದ ಒಂದು ಪದ ಮಾತ್ರ. ತಿಂದಾದ ಮೇಲೆ ಅಡುಗೆಯವನು ಹೇಳಿದ್ದೇ ಲೆಕ್ಕ. ಕೇಳಲು ನಾಚಿಕೆ, ಕೇಳದಿದ್ದರೆ ಭಯ. ಹೀಗಾಗಿ ಸಾಮಾನ್ಯ ಜನ ಅಂಥ ಬಾಗಿಲ ಕಡೆ ತಲೆ ಹಾಕುತ್ತಿರಲಿಲ್ಲ.

ಇದನ್ನು ಬದಲಿಸಿದವರು ಯೋಶಿಅಕಿ ಶಿರಾಯಿಶಿ. ಒಸಾಕಾ ನಗರದ ಪಕ್ಕದ ಕಾರ್ಖಾನೆಗಳ ಪ್ರದೇಶದಲ್ಲಿ ಅವರದೊಂದು ಸಣ್ಣ ಸುಶಿ ಅಂಗಡಿ ಇತ್ತು. ಗಿರಾಕಿಗಳೆಂದರೆ ಕಾರ್ಖಾನೆಗಳ ಕೆಲಸಗಾರರು. ಕಡಿಮೆ ದರ, ಬೇಗ ಊಟ, ಬೇಗ ಜಾಗ ಖಾಲಿ. ಆದರೆ ಬಡಿಸಲು ಆಳು ಸಿಗುತ್ತಿರಲಿಲ್ಲ, ಸಿಕ್ಕರೂ ಸಂಬಳ ಕೊಟ್ಟು ಅಗ್ಗದ ದರ ಉಳಿಸಿಕೊಳ್ಳುವುದು ಕಷ್ಟ. ಬಿಯರ್ ಕಾರ್ಖಾನೆಯೊಂದರಲ್ಲಿ ಬಾಟಲಿಗಳು ಬೆಲ್ಟ್ ಮೇಲೆ ಸಾಲಾಗಿ ಹೋಗುವುದನ್ನು ನೋಡಿ ಅವರಿಗೆ ಉಪಾಯ ಹೊಳೆಯಿತು. ಬಾಟಲಿ ಹೋಗುವುದಾದರೆ ತಟ್ಟೆ ಯಾಕೆ ಹೋಗಬಾರದು?

ಹೊಳೆದಷ್ಟು ಸುಲಭವಾಗಿ ಅದು ಆಗಲಿಲ್ಲ. ಬೆಲ್ಟ್ ಮೂಲೆಯಲ್ಲಿ ತಿರುಗುವಾಗ ತಟ್ಟೆ ಉರುಳಬಾರದು. ಜೋರಾಗಿ ಓಡಿದರೆ ಅನ್ನ ಒಣಗುತ್ತದೆ, ಕೈಗೂ ಸಿಗುವುದಿಲ್ಲ. ತೀರಾ ನಿಧಾನವಾದರೆ ಕೂತವನಿಗೆ ಬೇಸರ. ವರ್ಷಗಟ್ಟಲೆ ಒದ್ದಾಡಿ, ಸೆಕೆಂಡಿಗೆ ಸುಮಾರು 8 ಸೆಂಟಿಮೀಟರ್ ವೇಗ ಸರಿ ಎಂದು ಕಂಡುಕೊಂಡು, 1958ರಲ್ಲಿ ಮೊದಲ ತಿರುಗುವ ಸುಶಿ ಹೋಟೆಲ್ ತೆರೆದರು. 1970ರಲ್ಲಿ ಒಸಾಕಾದಲ್ಲಿ ನಡೆದ ವಿಶ್ವ ಪ್ರದರ್ಶನದಲ್ಲಿ ಇದನ್ನು ಲಕ್ಷಾಂತರ ಜನ ನೋಡಿದರು. ಆಮೇಲೆ ದೇಶ ತುಂಬ ಹಬ್ಬಿತು. ಈಗ ಲಂಡನ್, ಸಿಂಗಾಪುರದಲ್ಲೂ ಇದೆ. ಕೆಲಸಕ್ಕೆಂದು ಅಲ್ಲಿಗೆ ಹೋದ ನಮ್ಮೂರ ಹುಡುಗರು ಫೋಟೊ ಕಳಿಸುವುದು ಇಂಥ ಹೋಟೆಲುಗಳಿಂದಲೇ.

ನಮ್ಮ ಕಡೆಯ ಜಲ್ಲಿ ಕ್ರಷರುಗಳಲ್ಲಿ ಬೆಲ್ಟ್ ನೋಡಿದವರಿಗೆ ಯಂತ್ರದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅಲ್ಲಿ ಜಲ್ಲಿ ಹೋಗುತ್ತದೆ, ಇಲ್ಲಿ ತಟ್ಟೆ. ಕಲಿಯಬೇಕಾದದ್ದು ಲೆಕ್ಕದ ಪದ್ಧತಿ. ಒಂದು ಬಣ್ಣದ ತಟ್ಟೆಗೆ ಒಂದು ದರ, ಇನ್ನೊಂದು ಬಣ್ಣಕ್ಕೆ ಇನ್ನೊಂದು. ಗೋಡೆಯ ಮೇಲೆ ಬಣ್ಣ ಮತ್ತು ದರದ ಪಟ್ಟಿ. ತಿಂದ ತಟ್ಟೆಗಳನ್ನು ನಿಮ್ಮ ಮುಂದೆಯೇ ಒಂದರ ಮೇಲೊಂದು ಪೇರಿಸುತ್ತೀರಿ. ಏಳುವಾಗ ಎಣಿಸಿದರೆ ಮುಗಿಯಿತು. ಮೊದಲ ತಟ್ಟೆ ಎತ್ತುವಾಗಲೇ ಎಷ್ಟಾಗುತ್ತದೆ ಎಂಬುದು ಗೊತ್ತು, ಐದನೆಯ ತಟ್ಟೆಗೆ ನಿಲ್ಲಿಸಬೇಕೋ ಬೇಡವೋ ಎಂಬುದೂ ಗೊತ್ತು. ಬಿಲ್ ಬಂದಾಗ ಎದೆ ಢವಢವ ಅನ್ನುವುದಿಲ್ಲ.

ಜಪಾನಿನ ದೊಡ್ಡ ಸರಣಿ ಹೋಟೆಲುಗಳಲ್ಲಿ ಬಹಳ ವರ್ಷ ಒಂದು ತಟ್ಟೆಗೆ 100 ಯೆನ್ ದರ ನಡೆಯಿತು. ತೆರಿಗೆ ಬೇರೆ. 2022ರಲ್ಲಿ ಖರ್ಚು ಏರಿದಾಗ ಆ ದರವನ್ನೂ ಏರಿಸಿದರು. ಏರಿಸುವಾಗ ಮೊದಲೇ ಸಾರಿ ಹೇಳಿದರು, ಪಟ್ಟಿ ಬದಲಿಸಿದರು. ಬೆಲೆ ಏರುವುದು ಅಲ್ಲಿಯೂ ತಪ್ಪಲಿಲ್ಲ. ಆದರೆ ಗಿರಾಕಿಯನ್ನು ಕತ್ತಲೆಯಲ್ಲಿ ಇಡಲಿಲ್ಲ.

ನಮ್ಮ ದರ್ಶಿನಿಯೂ ಇದೇ ದಾರಿಯದು

ಇದೆಲ್ಲ ಜಪಾನಿನ ಮಾತು, ನಮಗೇನು ಎನ್ನಬೇಡಿ. ಇದಕ್ಕೆ ಹತ್ತಿರದ ನೆಂಟ ನಮ್ಮಲ್ಲೇ ಇದ್ದಾನೆ. 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ 'ಕೆಫೆ ದರ್ಶಿನಿ' ಶುರುವಾಯಿತು. ಕುರ್ಚಿ ಇಲ್ಲ, ಸಪ್ಲೈಯರ್ ಇಲ್ಲ. ಗೋಡೆಯ ಮೇಲೆ ದರದ ಬೋರ್ಡ್, ಮೊದಲು ದುಡ್ಡು, ಕೈಗೆ ಟೋಕನ್, ಎದುರಿಗೇ ಅಡುಗೆ, ನಿಂತು ತಿನ್ನುವುದು. ಆ ಮಾದರಿ ಎಷ್ಟು ಹಬ್ಬಿತೆಂದರೆ ದರ್ಶಿನಿ ಎನ್ನುವುದು ಒಂದು ಹೋಟೆಲಿನ ಹೆಸರಾಗಿ ಉಳಿಯದೆ ಒಂದು ಬಗೆಯ ಹೋಟೆಲಿನ ಹೆಸರೇ ಆಯಿತು. ಇವತ್ತು ನಮ್ಮ ತಾಲ್ಲೂಕು ಕೇಂದ್ರಗಳ ಬಸ್ ನಿಲ್ದಾಣದ ಸುತ್ತ ಇರುವ ನಿಂತು ತಿನ್ನುವ ಹೋಟೆಲುಗಳು ಅದರ ಮಕ್ಕಳು ಮೊಮ್ಮಕ್ಕಳು.

ದರ್ಶಿನಿಯೂ ಬೆಲ್ಟ್ ಸುಶಿಯೂ ಒಂದೇ ಕೆಲಸ ಮಾಡಿದವು. ಬಡಿಸುವ ಖರ್ಚು ಕಡಿಮೆ ಮಾಡಿ ದರ ಇಳಿಸಿದವು, ದರವನ್ನು ಊಟಕ್ಕಿಂತ ಮುಂಚೆ ಹೇಳಿದವು. ದರ್ಶಿನಿಯಲ್ಲಿ ದುಡ್ಡು ಕೊಟ್ಟ ಮೇಲೆ ಊಟ, ಬೆಲ್ಟಿನಲ್ಲಿ ಊಟವಾದ ಮೇಲೆ ದುಡ್ಡು. ಎರಡರಲ್ಲೂ ಗಿರಾಕಿಗೆ ಲೆಕ್ಕ ಮೊದಲೇ ಗೊತ್ತು.

2017ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಶುರುವಾಗಿ ಆಮೇಲೆ ಜಿಲ್ಲೆಗಳಿಗೂ ಬಂದ ಇಂದಿರಾ ಕ್ಯಾಂಟೀನಿನ ಗುಟ್ಟೂ ಇದೇ. ತಿಂಡಿ 5 ರೂಪಾಯಿ, ಊಟ 10 ರೂಪಾಯಿ ಎಂದು ಎಲ್ಲರಿಗೂ ಬಾಯಿಪಾಠವಾಗಿತ್ತು. ಅಗ್ಗ ಎನ್ನುವುದು ಒಂದು ಕಡೆ. ಕೇಳಬೇಕಾಗಿಲ್ಲ ಎನ್ನುವುದು ಇನ್ನೊಂದು ಕಡೆ. ಆ ಎರಡನೆಯದರ ಬೆಲೆ ನಮಗೆ ಇನ್ನೂ ಅರ್ಥವಾಗಿಲ್ಲ.

ಕತ್ತಲೆ ಇರುವುದು ನಡುವೆ

ಈಗ ನಮ್ಮ ನಾಲ್ಕು ತಾಲ್ಲೂಕಿಗೆ ಬನ್ನಿ. ತೀರಾ ಅಗ್ಗದ ಕಡೆ ದರ ಗೊತ್ತಿರುತ್ತದೆ. ಗಾಡಿಯಲ್ಲಿ ಮಂಡಕ್ಕಿ ಮಿರ್ಚಿ ಎಷ್ಟು, ಟೀ ಎಷ್ಟು ಎಂದು ಮಗುವೂ ಹೇಳುತ್ತದೆ. ತೀರಾ ದುಬಾರಿ ಕಡೆಯೂ ದರ ಗೊತ್ತಿರುತ್ತದೆ. ಹೊಳೆಯುವ ಮೆನು ಕಾರ್ಡಿನಲ್ಲಿ ಅಚ್ಚು ಹಾಕಿರುತ್ತಾರೆ, ಇಂಗ್ಲಿಷಿನಲ್ಲಾದರೂ ಸರಿ. ಗೊತ್ತಿಲ್ಲದಿರುವುದು ನಡುವಿನ ಹೋಟೆಲುಗಳಲ್ಲಿ. ಕುರ್ಚಿ ಮೇಜು ಇದೆ, ಫ್ಯಾನ್ ಇದೆ, ಕೈ ತೊಳೆಯಲು ಜಾಗ ಇದೆ, ಹೆಂಗಸರು ಮಕ್ಕಳನ್ನು ಕರೆದುಕೊಂಡು ಹೋಗಿ ಕೂರಬಹುದು. ಅಂಥ ಎಷ್ಟೋ ಕಡೆ ಬೋರ್ಡಿನಲ್ಲಿ ತಿಂಡಿಗಳ ಹೆಸರಿದೆ, ಪಕ್ಕದಲ್ಲಿ ದರದ ಜಾಗ ಖಾಲಿ. ಇಲ್ಲವೇ ಹಳೇ ದರ ಅಳಿಸಿ ಹೋಗಿದೆ. ಇಲ್ಲವೇ ಬೋರ್ಡ್ ಗಲ್ಲಾ ಪೆಟ್ಟಿಗೆಯ ಹಿಂದೆ, ಅಂದರೆ ತಿಂದು ಮುಗಿಸಿ ದುಡ್ಡು ಕೊಡಲು ಹೋದಾಗ ಕಾಣುವ ಜಾಗದಲ್ಲಿದೆ.

ಅಂಥ ಹೋಟೆಲಿಗೆ ಯಾರು ಹೋಗುತ್ತಾರೆ? ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೆ ಅತ್ತೆಯನ್ನು ಕರೆತಂದ ಸೊಸೆ. ಕೋರ್ಟಿನಲ್ಲಿ ಹೆಸರು ಕೂಗುವುದನ್ನು ಕಾದು ಕಾದು ಮಧ್ಯಾಹ್ನವಾದ ರೈತ. ಭೀಮಸಮುದ್ರಕ್ಕೆ ಅಡಿಕೆ ತಂದವರು. ಚಿಕ್ಕಜಾಜೂರಿನಲ್ಲಿ ರೈಲು ಇಳಿದು ಹೊಳಲ್ಕೆರೆ ಬಸ್ಸಿಗೆ ಕಾಯುವವರು. ಹೊಸದುರ್ಗದಿಂದ ಮಗಳನ್ನು ಕಾಲೇಜಿಗೆ ಸೇರಿಸಲು ಬಂದ ಅಪ್ಪ. ಇವರ ಜೇಬಿನಲ್ಲಿ ಇರುವುದು ಎಣಿಸಿದ ದುಡ್ಡು. ಅದರಲ್ಲಿ ಫೀಸು, ಔಷಧಿ, ವಾಪಸ್ ಚಾರ್ಜು ಕಳೆದು ಉಳಿದದ್ದು ಊಟಕ್ಕೆ. ಇವರಿಗೆ 20 ರೂಪಾಯಿ ಹೆಚ್ಚು ಕಡಿಮೆ ಎನ್ನುವುದು ಸಣ್ಣ ವಿಷಯವಲ್ಲ.

ಹೀಗಾಗಿ ಇವರು ಏನು ಮಾಡುತ್ತಾರೆ ಗಮನಿಸಿ. ಹಸಿವು ಊಟದ್ದಾದರೂ ಹೇಳುವುದು "ಒಂದು ಪ್ಲೇಟ್ ಇಡ್ಲಿ ಕೊಡಿ" ಎಂದು. ಯಾಕೆಂದರೆ ಇಡ್ಲಿಯ ದರ ಅಂದಾಜಿದೆ. ಸಪ್ಲೈಯರ್ ಬಂದು "ಪೂರಿ, ಪಲಾವ್, ಗೋಬಿ, ಊಟ" ಎಂದು ಒಂದೇ ಉಸಿರಿನಲ್ಲಿ ಹೇಳಿ ನಿಲ್ಲುತ್ತಾನೆ. "ಊಟ ಎಷ್ಟಪ್ಪಾ?" ಎಂದು ಕೇಳಲು ಬಾಯಿ ಬರುವುದಿಲ್ಲ. ಕೇಳಿದರೆ ಪಕ್ಕದ ಮೇಜಿನವರು ತಿರುಗಿ ನೋಡುತ್ತಾರೆ ಎಂಬ ಸಂಕೋಚ. ಕೇಳಿ ಎದ್ದು ಹೋದರೆ ಇನ್ನೂ ಅವಮಾನ. ಅದಕ್ಕಿಂತ ಎರಡು ಇಡ್ಲಿ ತಿಂದು ನೀರು ಕುಡಿದು ಏಳುವುದೇ ವಾಸಿ ಎನಿಸುತ್ತದೆ. ಒಂದು ಸಾಲಿನ ಬೋರ್ಡ್ ಇದ್ದಿದ್ದರೆ ಆ ಮನುಷ್ಯ ಹೊಟ್ಟೆ ತುಂಬ ಉಣ್ಣುತ್ತಿದ್ದ. ಹೋಟೆಲಿನವರಿಗೂ ವ್ಯಾಪಾರ ಆಗುತ್ತಿತ್ತು.

ಹೆದ್ದಾರಿಯ ಕಥೆ ಬೇರೆ. ರಾಷ್ಟ್ರೀಯ ಹೆದ್ದಾರಿ 48 ಹಿರಿಯೂರು, ಚಿತ್ರದುರ್ಗದ ಮೇಲೆ ಹಾದುಹೋಗುತ್ತದೆ. ಬಸ್ಸು ಊಟಕ್ಕೆ ನಿಲ್ಲುವ ಜಾಗವನ್ನು ಪ್ರಯಾಣಿಕ ಆರಿಸುವುದಿಲ್ಲ, ಡ್ರೈವರ್ ನಿಲ್ಲಿಸಿದ ಕಡೆ ಇಳಿಯಬೇಕು. ಹತ್ತು ಹದಿನೈದು ನಿಮಿಷ ಟೈಮು. ನಾವು ನಾಲ್ವರು ಒಮ್ಮೆ ಅಂಥ ಒಂದು ಕಡೆ ಇಳಿದು ಊಟ ಮಾಡಿದೆವು. ದರದ ಬೋರ್ಡ್ ಇರಲಿಲ್ಲ. ಕೇಳಿದ್ದಕ್ಕೆ "ಮೊದಲು ಕೂತ್ಕೊಳ್ಳಿ" ಎಂದರು. ಬಿಲ್ಲಿನಲ್ಲಿ ನಾವು ಕೇಳದ ಮಜ್ಜಿಗೆ, ಹಪ್ಪಳಕ್ಕೂ ದುಡ್ಡು ಸೇರಿತ್ತು. ವಾದ ಮಾಡಲು ಹೊತ್ತಿಲ್ಲ, ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಓದು ಬರಹ ಬಲ್ಲ, ವರದಿ ಬರೆಯುವ ನಮ್ಮ ಗತಿಯೇ ಹೀಗಾದರೆ ಮೊದಲ ಸಲ ಬೆಂಗಳೂರಿಗೆ ಹೊರಟ ಅಜ್ಜಿಯ ಗತಿ ಏನು?

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳು ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲದೆ ಓಡಾಡುತ್ತಿದ್ದಾರೆ. ಗಂಡಸರಿಲ್ಲದೆ ಗುಂಪಾಗಿ ಹೋಗುವವರು, ಒಬ್ಬರೇ ಹೋಗುವವರು ಕಾಣುತ್ತಾರೆ. ಒಳ್ಳೆಯದೇ. ಆದರೆ ಬುತ್ತಿ ಕಟ್ಟಿಕೊಂಡು ಬಂದು ನಿಲ್ದಾಣದ ಕಟ್ಟೆಯ ಮೇಲೆ ಕೂತು ತಿನ್ನುವವರಲ್ಲಿ ಹೆಚ್ಚಿನವರು ಅವರೇ. ಮನೆ ಊಟದ ಮೇಲಿನ ಪ್ರೀತಿಯೇ ಅದಕ್ಕೆ ಪೂರ್ತಿ ಕಾರಣವಲ್ಲ. ಒಳಗೆ ಹೋದರೆ ಎಷ್ಟಾಗುತ್ತದೋ ಎಂಬ ಅಳುಕೂ ಇದೆ.

ಬಣ್ಣ ನಮ್ಮ ರೈತರಿಗೆ ಹೊಸದಲ್ಲ

ನಮ್ಮ ಹಿರಿಯರಲ್ಲಿ ಅನೇಕರಿಗೆ ಓದಲು ಬರುವುದಿಲ್ಲ, ಬೋರ್ಡ್ ಹಾಕಿದರೂ ಪ್ರಯೋಜನವೇನು ಎಂದು ಕೆಲವರು ಕೇಳಬಹುದು. ಬಣ್ಣ ಉಪಯೋಗಕ್ಕೆ ಬರುವುದು ಇಲ್ಲಿಯೇ.

ಓದಲು ಬಾರದ ಅಜ್ಜಿಯೂ ಅಂಗಡಿಯಲ್ಲಿ "ನೀಲಿ ಪ್ಯಾಕೆಟ್ ಹಾಲು ಕೊಡು" ಅನ್ನುತ್ತಾಳೆ. ನಂದಿನಿಯ ನೀಲಿಗೆ ಒಂದು ದರ, ಕೇಸರಿಗೆ ಇನ್ನೊಂದು ದರ ಎಂದು ಅವಳಿಗೆ ಗೊತ್ತು. ಬೀಜದ ಚೀಲಕ್ಕೆ ನೀಲಿ ಚೀಟಿ ಇದ್ದರೆ ಅದು ಪ್ರಮಾಣಿತ ಬೀಜ ಎಂದು ರೈತನಿಗೆ ಗೊತ್ತು. ಔಷಧಿ ಡಬ್ಬಿಯ ಮೇಲಿನ ಗುರುತು ಕೆಂಪಿದ್ದರೆ ಕಡು ವಿಷ, ಆಮೇಲೆ ಹಳದಿ, ನೀಲಿ, ಹಸಿರು ಎಂದು ಇಳಿಯುತ್ತದೆ. ಇದೂ ನಮ್ಮವರಿಗೆ ಗೊತ್ತು. ಹೊಲದಲ್ಲಿ ಬಣ್ಣ ನೋಡಿ ವಿಷ ಗುರುತಿಸುವವನು ಹೋಟೆಲಿನಲ್ಲಿ ಬಣ್ಣ ನೋಡಿ ದರ ಗುರುತಿಸಲಾರನೇ?

ಹೋಟೆಲಿನವರು ತಟ್ಟೆ ಬದಲಿಸಬೇಕಿಲ್ಲ, ಬೆಲ್ಟಂತೂ ಬೇಡವೇ ಬೇಡ. ಬೋರ್ಡಿನಲ್ಲಿ ತಿಂಡಿಯ ಹೆಸರಿನ ಪಕ್ಕ ಒಂದು ಬಣ್ಣದ ಚುಕ್ಕೆ ಹಾಕಿದರೆ ಸಾಕು. ಹಸಿರು ಚುಕ್ಕೆ ಎಂದರೆ 40 ರೂಪಾಯಿ ಒಳಗೆ, ಹಳದಿ ಎಂದರೆ 40ರಿಂದ 80, ಕೆಂಪು ಎಂದರೆ 80ಕ್ಕೂ ಮೇಲೆ ಎಂದು ಇಟ್ಟುಕೊಳ್ಳಿ. ಅಂಕಿ ಹೋಟೆಲಿಗೆ ತಕ್ಕಂತೆ ಬೇರೆ ಆಗಲಿ. ಪಕ್ಕದಲ್ಲಿ ನಿಜವಾದ ದರವನ್ನೂ ದೊಡ್ಡ ಅಂಕಿಯಲ್ಲಿ ಬರೆಯಲಿ. ಬಸ್ಸಿನ ನಂಬರು, ನೋಟಿನ ಅಂಕಿ ಓದುವವರು ಇದನ್ನೂ ಓದುತ್ತಾರೆ. ಅಂಕಿ ಓದಲಾಗದವರಿಗೆ ಬಣ್ಣ ಹೇಳುತ್ತದೆ.

ತಟ್ಟೆಗೆ ಜಾತಿ ಗೊತ್ತಿಲ್ಲ

ಇನ್ನೊಂದು ಮಾತನ್ನು ಹೇಳದೆ ಹೋಟೆಲಿನ ಬಗ್ಗೆ ಬರೆಯಲು ನಮಗೆ ಮನಸ್ಸು ಒಪ್ಪುವುದಿಲ್ಲ. ಬೆಲ್ಟ್ ಮೇಲೆ ಬರುವ ತಟ್ಟೆ ಮೊದಲು ಯಾರ ಮುಂದೆ ಹೋಗಬೇಕು, ಆಮೇಲೆ ಯಾರ ಮುಂದೆ ಎಂದು ನೋಡುವುದಿಲ್ಲ. ಅದೇ ತಟ್ಟೆ ಎಲ್ಲರ ಮುಂದೆಯೂ ಹಾದುಹೋಗುತ್ತದೆ.

ನಮ್ಮಲ್ಲಿ ಹೋಟೆಲ್ ಬಾಗಿಲು ಎಲ್ಲರಿಗೂ ತೆರೆದದ್ದು ತಾನಾಗಿ ಅಲ್ಲ. ಸಂವಿಧಾನದ 15ನೇ ವಿಧಿ ಹೋಟೆಲು, ಅಂಗಡಿಗಳಿಗೆ ಹೋಗುವುದನ್ನು ಜಾತಿಯ ಕಾರಣಕ್ಕೆ ತಡೆಯಬಾರದು ಎಂದು ಹೆಸರಿಟ್ಟು ಹೇಳಿದೆ. 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿದೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಇನ್ನೂ ಮುಂದೆ ಹೋಗಿ, ಹೋಟೆಲಿನಲ್ಲಿ ಎಲ್ಲರಿಗಾಗಿ ಇಟ್ಟ ಪಾತ್ರೆಗಳನ್ನು ಬಳಸದಂತೆ ಅಸ್ಪೃಶ್ಯತೆಯ ಕಾರಣಕ್ಕೆ ತಡೆದರೂ ಜೈಲು ಶಿಕ್ಷೆ ಎಂದಿದೆ. ಲೋಟ, ತಟ್ಟೆಯ ಬಗ್ಗೆ ಕಾನೂನೇ ಬರೆಯಬೇಕಾಗಿ ಬಂದಿತ್ತು ಎಂದರೆ ಆ ಲೋಟ ತಟ್ಟೆಗಳ ಕಥೆ ಏನಿದ್ದಿರಬೇಕು, ಯೋಚಿಸಿ.

ಪೇಪರ್ ಲೋಟ ಬಂದ ಮೇಲೆ ಎರಡು ಲೋಟದ ಪ್ರಶ್ನೆ ಮುಗಿಯಿತು ಎನ್ನುವವರಿದ್ದಾರೆ. ನಮಗೆ ಹಾಗೆ ಅನಿಸುವುದಿಲ್ಲ. ಕೆಲವರಿಗೆ ಸ್ಟೀಲ್ ಲೋಟ, ಕೆಲವರಿಗೆ ಪೇಪರ್ ಲೋಟ ಎಂದಾದರೆ ಎಸೆದದ್ದು ಲೋಟವನ್ನೇ ಹೊರತು ಭೇದವನ್ನಲ್ಲ. ದರದ ಬೋರ್ಡಿಗೂ ಇದಕ್ಕೂ ಏನು ಸಂಬಂಧ ಎಂದರೆ, ಸಂಬಂಧ ಇದೆ. ದರ ಬಾಯಿಮಾತಿನಲ್ಲಿ ಇದ್ದಾಗ ಮುಖ ನೋಡಿ ದರ ಹೇಳಬಹುದು, ಮುಖ ನೋಡಿ ಜಾಗ ತೋರಿಸಬಹುದು, ಮುಖ ನೋಡಿ "ಊಟ ಖಾಲಿ" ಅನ್ನಬಹುದು. ದರ, ಊಟ ಎರಡೂ ಗೋಡೆಯ ಮೇಲೆ ಎಲ್ಲರ ಕಣ್ಣಿಗೆ ಕಾಣುವಂತಿದ್ದರೆ ಮುಖ ನೋಡುವ ವ್ಯವಹಾರಕ್ಕೆ ಜಾಗ ಕಡಿಮೆ. ಬೋರ್ಡ್ ಜಾತಿಯನ್ನು ತೆಗೆಯುವುದಿಲ್ಲ. ಆದರೆ ಅದು ಬಚ್ಚಿಟ್ಟುಕೊಳ್ಳುವ ಒಂದು ಮೂಲೆಯನ್ನಾದರೂ ಮುಚ್ಚುತ್ತದೆ.

ಬೆಲ್ಟ್ ಯಾಕೆ ಬೇಡ

ಬೆಲ್ಟಿನ ಹೋಟೆಲ್ ತಂದು ಇಡಿ ಎಂದು ನಾವು ಹೇಳುತ್ತಿಲ್ಲ. ಸುಶಿ ಬಿಸಿಬಿಸಿ ತಿನ್ನುವ ಪದಾರ್ಥವಲ್ಲ. ಅದಕ್ಕೇ ಬೆಲ್ಟ್ ಮೇಲೆ ಸುತ್ತಿದರೂ ನಡೆಯುತ್ತದೆ. ನಮ್ಮ ಮುದ್ದೆ ಹಾಗಲ್ಲ. ಕೋಲು ಆಡಿಸಿ ಇಳಿಸಿದ ಮುದ್ದೆ ಹಬೆಯಾಡುವಾಗಲೇ ತಟ್ಟೆಗೆ ಬೀಳಬೇಕು, ಸಾರು ಸುರಿದು ಮುರಿದು ನುಂಗಬೇಕು. ಎರಡು ಸುತ್ತು ಬೆಲ್ಟ್ ಮೇಲೆ ಹೋದ ಮುದ್ದೆಯನ್ನು ಯಾರೂ ಮುಟ್ಟುವುದಿಲ್ಲ. ದೋಸೆಯೂ ಅಷ್ಟೇ, ಕಾವಲಿಯಿಂದ ಬಾಯಿಗೆ ದೂರ ಹೆಚ್ಚಿದಷ್ಟೂ ರುಚಿ ಕಡಿಮೆ.

ಜಪಾನಿನಲ್ಲೂ ಬೆಲ್ಟಿಗೆ ತೊಂದರೆ ಬಂದಿದೆ. ಬಹಳ ಹೊತ್ತು ಸುತ್ತಿದ ತಟ್ಟೆಯನ್ನು ಬಿಸಾಡಬೇಕು. ಅದಕ್ಕಾಗಿ ತಟ್ಟೆಗೆ ಚಿಪ್ ಹಾಕಿ ಹೊತ್ತು ಲೆಕ್ಕ ಇಡುವವರಿದ್ದಾರೆ. 2023ರ ಆರಂಭದಲ್ಲಿ ಒಬ್ಬ ಹುಡುಗ ಇಂಥ ಹೋಟೆಲಿನಲ್ಲಿ ಎಲ್ಲರೂ ಬಳಸುವ ಸಾಸ್ ಬಾಟಲಿ ನೆಕ್ಕಿದ ವಿಡಿಯೊ ಹರಡಿ ದೊಡ್ಡ ಗಲಾಟೆಯಾಯಿತು. ಆಮೇಲೆ ಕೆಲವು ಕಡೆ ತಟ್ಟೆ ಸುತ್ತಿಸುವುದನ್ನೇ ನಿಲ್ಲಿಸಿ, ಆರ್ಡರ್ ಕೊಟ್ಟವರಿಗೆ ಮಾತ್ರ ಬೆಲ್ಟಿನಲ್ಲಿ ಕಳಿಸುವ ಪದ್ಧತಿ ಮಾಡಿದರು. ಯಂತ್ರ ಬಂದರೂ ಮನುಷ್ಯರ ನಡತೆ ಸರಿ ಇರಬೇಕು ಎಂಬುದಕ್ಕೆ ಇದೊಂದು ಪಾಠ.

ಇನ್ನು ಕೆಲಸದ ಪ್ರಶ್ನೆ. ನಮ್ಮೂರ ಹುಡುಗರು ಎಷ್ಟೋ ಜನ ಬೆಂಗಳೂರಿನಲ್ಲಿ ಸಪ್ಲೈಯರ್ ಆಗಿ, ಕ್ಲೀನರ್ ಆಗಿ ದುಡಿದು ಮನೆಗೆ ದುಡ್ಡು ಕಳಿಸುತ್ತಾರೆ. ಅವರ ಕೆಲಸ ಯಂತ್ರಕ್ಕೆ ಹೋಗಲಿ ಎಂದು ನಾವು ಹೇಗೆ ಹೇಳೋಣ? "ಇನ್ನೊಂದು ಸ್ವಲ್ಪ ಅನ್ನ ಹಾಕಲಾ ಅಜ್ಜಾ?" ಎಂದು ಕೇಳುವ ದನಿ ಯಾವ ಬೆಲ್ಟಿಗೂ ಬರುವುದಿಲ್ಲ. ಬಡಿಸುವವರು ಇರಲಿ. ದರ ಹೇಳುವ ಭಾರವನ್ನು ಅವರ ಬಾಯಿಂದ ತೆಗೆದು ಗೋಡೆಗೆ ಕೊಡಿ ಎನ್ನುವುದಷ್ಟೇ ನಮ್ಮ ಮಾತು. ಬಿಲ್ಲಿನ ಜಗಳದಲ್ಲಿ ಬೈಗುಳ ತಿನ್ನುವವರೂ ಅವರೇ ತಾನೆ.

ಹಸಿ ಮೀನಿನ ಮಾತು

ಮೊದಲು ಬಿಟ್ಟ ಪ್ರಶ್ನೆಗೆ ಬರೋಣ. ಸುಶಿ ಎಂದರೆ ಹಸಿ ಮೀನು ಎಂದಲ್ಲ. ವಿನಿಗರ್, ಉಪ್ಪು, ಸಕ್ಕರೆ ಬೆರೆಸಿದ ಅನ್ನವೇ ಅದರ ಮೂಲ. ಮೇಲೆ ಬೆಂದ ಸಿಗಡಿ ಇರಬಹುದು, ಮೊಟ್ಟೆ ಇರಬಹುದು, ಸೌತೆಕಾಯಿಯೂ ಇರಬಹುದು. ಹಸಿಯಾಗಿ ಬಡಿಸುವ ಮೀನು ಹೆಚ್ಚಾಗಿ ಸಮುದ್ರದ್ದು. ಅದರಲ್ಲಿರುವ ಹುಳು ಸಾಯಲೆಂದು ಅನೇಕ ಬಗೆಯ ಮೀನನ್ನು ಮೈನಸ್ 20 ಡಿಗ್ರಿಯಲ್ಲಿ 7 ದಿನ ಇಟ್ಟು ಆಮೇಲೆ ಬಳಸುವ ನಿಯಮಗಳಿವೆ.

ಇದನ್ನು ಹೇಳಲು ಕಾರಣವಿದೆ. ವೇದಾವತಿಗೆ ಕಟ್ಟಿದ ಹಿರಿಯೂರಿನ ವಾಣಿವಿಲಾಸ ಸಾಗರ, ನಮ್ಮ ಮಾರಿಕಣಿವೆ, 1933ರ ನಂತರ 2022ರಲ್ಲಿ ಕೋಡಿ ಬಿದ್ದದ್ದನ್ನು ನಾವೆಲ್ಲ ಹೋಗಿ ನೋಡಿ ಬಂದೆವು. ನೀರಿದ್ದರೆ ಮೀನೂ ಇರುತ್ತದೆ. ಯಾರಾದರೂ ವಿಡಿಯೊ ನೋಡಿ ಹುರುಪಿನಲ್ಲಿ ಕೆರೆಯ ಕಾಟ್ಲಾ, ರೋಹು ಕೊಯ್ದು ಹಸಿಯಾಗಿ ತಿನ್ನಲು ಹೊರಟರೆ ದಯವಿಟ್ಟು ತಡೆಯಿರಿ. ಸಿಹಿನೀರಿನ ಮೀನಿನಲ್ಲಿ ಮನುಷ್ಯರ ಹೊಟ್ಟೆಗೆ ಸೇರುವ ಹುಳುಗಳು ಇರುತ್ತವೆ. ಮನೆಯ ಫ್ರಿಜ್ಜಿನ ಐಸ್ ಡಬ್ಬಿಯ ಚಳಿ ಅವಕ್ಕೆ ಸಾಲದು. ನಮ್ಮ ಮೀನು ಚೆನ್ನಾಗಿ ಬೇಯಲಿ, ಹುಳಿ ಖಾರ ಬೀಳಲಿ.

ಬೆಂಗಳೂರಿನಲ್ಲೋ ಹೊರದೇಶದಲ್ಲೋ ಮಕ್ಕಳು ನಿಮ್ಮನ್ನು ಇಂಥ ಹೋಟೆಲಿಗೆ ಕರೆದೊಯ್ದರೆ ಹೆದರಬೇಡಿ. ಮೊದಲು ಗೋಡೆಯ ಮೇಲಿನ ಬಣ್ಣದ ಪಟ್ಟಿ ನೋಡಿ. ಒಮ್ಮೆ ಎತ್ತಿದ ತಟ್ಟೆಯನ್ನು ಮತ್ತೆ ಬೆಲ್ಟಿಗೆ ಇಡಬಾರದು. ಪಕ್ಕದಲ್ಲಿ ಕೊಡುವ ಹಸಿರು ಮುದ್ದೆ ಚಟ್ನಿಯಲ್ಲ, ಮೂಗಿಗೆ ಏರುವ ಖಾರ, ಕಡ್ಡಿಯ ತುದಿಯಷ್ಟು ಸಾಕು. ಗುಲಾಬಿ ಬಣ್ಣದ ಎಸಳು ಉಪ್ಪಿನಕಾಯಿ ಹಾಕಿದ ಶುಂಠಿ. ಸಸ್ಯಾಹಾರಿಗಳು ಸೌತೆಕಾಯಿ ಸುರುಳಿ ತಿನ್ನಬಹುದು, ಆದರೆ ಸಾರು, ಸಾಸುಗಳಲ್ಲಿ ಮೀನಿನ ರಸ ಇರುವುದುಂಟು, ಕೇಳಿಕೊಳ್ಳಿ.

ಹೋಟೆಲಿನವರ ಕಷ್ಟವೂ ನಮಗೆ ಗೊತ್ತು

ಹೋಟೆಲ್ ನಡೆಸುವವರೂ ನಮ್ಮವರೇ. ಗ್ಯಾಸ್ ಸಿಲಿಂಡರ್ ದರ ತಿಂಗಳು ತಿಂಗಳು ಬದಲಾಗುತ್ತದೆ. ಎಣ್ಣೆ ಏರುತ್ತದೆ, ಟೊಮೆಟೊ ಒಂದು ವಾರ ಚರಂಡಿಗೆ, ಮುಂದಿನ ತಿಂಗಳು ಚಿನ್ನದ ಬೆಲೆಗೆ. ದರ ಬರೆದಿಟ್ಟರೆ ಕಟ್ಟಿಹಾಕಿದಂತಾಗುತ್ತದೆ ಎಂದು ಅವರು ಹೇಳುತ್ತಾರೆ.

ದರ ಕಟ್ಟಿಹಾಕಬೇಕೆಂದು ನಾವು ಕೇಳುತ್ತಿಲ್ಲ. ಅದರ ಫಲ ಏನೆಂದು ಕರ್ನಾಟಕ ಒಮ್ಮೆ ನೋಡಿದೆ. 1970ರ ದಶಕದ ತುರ್ತು ಪರಿಸ್ಥಿತಿಯ ಕಾಲದಲ್ಲಿ ಹೋಟೆಲ್ ತಿಂಡಿಗೆ ಸರ್ಕಾರ ಕಡಿಮೆ ದರ ಹೇರಿದಾಗ ಬೆಂಗಳೂರಿನ ಎಂ.ಟಿ.ಆರ್. ಅಂಥ ಹೋಟೆಲೇ ಕಷ್ಟಕ್ಕೆ ಸಿಕ್ಕಿ, ಪ್ಯಾಕೆಟ್ ಹಿಟ್ಟಿನ ವ್ಯಾಪಾರದ ಕಡೆ ತಿರುಗಿತು. ದರ ನೀವೇ ಇಡಿ. ಏರಿಸಬೇಕಾದಾಗ ಏರಿಸಿ. ಬೆಳಿಗ್ಗೆ ಬಾಗಿಲು ತೆಗೆಯುವಾಗ ಸೀಮೆಸುಣ್ಣದಲ್ಲಿ ಕರಿಹಲಗೆಯ ಮೇಲೆ ಬರೆಯಿರಿ. ಒಂದು ಹಲಗೆ, ಒಂದು ಸೀಮೆಸುಣ್ಣ. ಇದಕ್ಕಿಂತ ಅಗ್ಗದ ಜಾಹೀರಾತು ಇನ್ನೊಂದಿಲ್ಲ. ಊಟದ ದರ ಕಂಡವನು ಒಳಗೆ ಬರುತ್ತಾನೆ, ಕಾಣದವನು ಬಾಗಿಲಿನಿಂದಲೇ ತಿರುಗುತ್ತಾನೆ. ತಿರುಗಿ ಹೋದವರ ಲೆಕ್ಕ ಯಾವ ಗಲ್ಲಾ ಪೆಟ್ಟಿಗೆಯಲ್ಲೂ ಸಿಗುವುದಿಲ್ಲ.

ನಾವು ಕೇಳುವುದು ಇಷ್ಟೇ

ಒಂದು, ಪ್ರತಿ ಹೋಟೆಲಿನ ಬಾಗಿಲ ಹೊರಗೆ, ಒಳಗೆ ಕಾಲಿಡುವ ಮುಂಚೆಯೇ ಕಾಣುವಂತೆ, ಕನ್ನಡದಲ್ಲಿ ದೊಡ್ಡ ಅಂಕಿಯಲ್ಲಿ ದರ ಇರಲಿ. ಓದಲು ಬಾರದವರಿಗೆ ಬಣ್ಣದ ಚುಕ್ಕೆ ಇರಲಿ.

ಎರಡು, ಬಸ್ಸುಗಳು ಊಟಕ್ಕೆ ನಿಲ್ಲುವ ಹೆದ್ದಾರಿ ಹೋಟೆಲುಗಳಿಗೆ ಇದು ಕಡ್ಡಾಯವಾಗಲಿ. ದರದ ಬೋರ್ಡ್ ಇಲ್ಲದ ಕಡೆ ಸರ್ಕಾರಿ ಬಸ್ಸು ನಿಲ್ಲಬಾರದು. ಸಾರಿಗೆ ನಿಗಮ ಮನಸ್ಸು ಮಾಡಿದರೆ ಇದು ಒಂದು ಆದೇಶದ ಕೆಲಸ.

ಮೂರು, ಕೇಳದೆ ಬಡಿಸಿದ್ದಕ್ಕೆ ದುಡ್ಡು ಬೇಡ. ಸೇವಾ ಶುಲ್ಕವನ್ನು ಬಿಲ್ಲಿನಲ್ಲಿ ತಾನಾಗಿ ಸೇರಿಸಬಾರದು ಎಂದು ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ. ಹಪ್ಪಳಕ್ಕೂ ಅದೇ ನ್ಯಾಯ ಇರಲಿ.

ನಾಲ್ಕು, ಓದುಗರೇ, ನಿಮ್ಮಿಂದ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಕೊಳ್ಳುವ ವಸ್ತು ಮತ್ತು ಸೇವೆಯ ದರ ತಿಳಿಯುವುದನ್ನು ಗ್ರಾಹಕರ ಹಕ್ಕು ಎಂದಿದೆ. ಮೋಸವಾಯಿತು ಅನಿಸಿದರೆ ಬಿಲ್ ಕೇಳಿ ಪಡೆಯಿರಿ, ಫೋಟೊ ತೆಗೆದಿಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅದಕ್ಕಿಂತ ಮೊದಲು ಮಾಡಬೇಕಾದ ಕೆಲಸ ಇನ್ನೂ ಸಣ್ಣದು. ಕೂರುವ ಮುಂಚೆ ಗಟ್ಟಿಯಾಗಿ "ಊಟ ಎಷ್ಟು?" ಎಂದು ಕೇಳಿ. ನಿಮ್ಮ ಹಿಂದೆ ಬಾಗಿಲಲ್ಲಿ ನಿಂತು ಅದೇ ಪ್ರಶ್ನೆಯನ್ನು ನುಂಗಿಕೊಂಡವರು ಇನ್ನೂ ಇಬ್ಬರಾದರೂ ಇರುತ್ತಾರೆ.

ದರ ಕೇಳುವುದು ಬಡತನದ ಗುರುತಲ್ಲ. ಅಡಿಕೆ ಮಂಡಿಯಲ್ಲಿ ರೇಟು ಕೇಳದೆ ಚೀಲ ಬಿಚ್ಚುವವರು ನಮ್ಮಲ್ಲಿ ಯಾರೂ ಇಲ್ಲ. ಬೆಳೆದದ್ದನ್ನು ಮಾರುವಾಗ ಇರುವ ಆ ಗತ್ತು ಉಣ್ಣಲು ಕೂರುವಾಗಲೂ ಇರಲಿ.